ಪಿನ್‌ಬಾಲ್ ಪ್ರಶ್ನೋತ್ತರ: ಮೋಟರ್ ನಿಲ್ಲುತ್ತಿಲ್ಲ ಅನ್ನುವವರಿಗೆ

ಪ್ರಶ್ನೆ: ಹೈದರಾಬಾದಿನ ಗುಜರಿಯಲ್ಲಿ ಒಂದು ಹಳೇ ಪಿನ್‌ಬಾಲ್ ಮಶಿನ್ (ಸ್ಟೀಲ್ ಗುಂಡು ಹೊಡೆದು ಅಂಕ ಗಳಿಸೋ ಆಟದ ಪೆಟ್ಟಿಗೆ) ತಗೊಂಡ್ವಿ ಸರ್. ದೀಪ ಎಲ್ಲಾ ಹತ್ತುತ್ತವೆ. ಸ್ಟಾರ್ಟ್ ಗುಂಡಿ ಒತ್ತಿದರೆ ಒಳಗೆ ಮೋಟರ್ ಗರ್ರ್ ಅಂತ ತಿರುಗುತ್ತೆ, ನಿಲ್ಲೋದೇ ಇಲ್ಲ. ಆಟ ಶುರುವಾಗಲ್ಲ. ಇಲ್ಲಿನ ಮೆಕ್ಯಾನಿಕ್ ಒಬ್ಬರು ಐಸಿ ಹೋಗಿದೆ, ಬೋರ್ಡ್ ಬದಲಾಯಿಸಬೇಕು ಅಂದ್ರು. ಬೋರ್ಡ್ ಎಲ್ಲಿ ಸಿಗುತ್ತೆ? (ಶಹಾಬಾದ್)

ಉತ್ತರ: ಎಲ್ಲೂ ಸಿಗಲ್ಲ. ನಿಮ್ಮ ಮಶಿನ್‌ನಲ್ಲಿ ಬೋರ್ಡೇ ಇಲ್ಲ! ನೀವು ಕಳಿಸಿದ ಫೋಟೊದಲ್ಲಿ ಅಂಕಗಳು ತಿರುಗುವ ಚಕ್ರಗಳ ಮೇಲಿವೆ. ಅಂದರೆ ಇದು 1970ರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ಮಶಿನ್‌ಗಳು ಬರುವುದಕ್ಕೆ ಮುಂಚಿನ ಕಾಲದ್ದು. ಒಳಗಿರುವುದು ರಿಲೇ (ಕರೆಂಟ್ ಬಂದಾಗ ತಾನೇ ಎಳೆದುಕೊಳ್ಳುವ ಸ್ವಿಚ್ಚು), ಕಾಯಿಲ್ (ತಂತಿಯ ಸುರುಳಿ), ಹಿತ್ತಾಳೆ ಪಟ್ಟಿಯ ಸ್ವಿಚ್ಚು, ಮೈಲುಗಟ್ಟಲೆ ತಂತಿ. ಐಸಿ ಹೋಗಿದೆ ಅಂದ ಪುಣ್ಯಾತ್ಮ ಮುಚ್ಚಳ ಕೂಡ ತೆಗೆದು ನೋಡಿಲ್ಲ. ಅವರಿಗೆ ದುಡ್ಡು ಕೊಟ್ಟಿದ್ದರೆ ವಾಪಸ್ ಕೇಳಿ.

ಇದೇ ಪ್ರಶ್ನೆ ಬೀದರ್‌ನಿಂದ ಇಬ್ಬರು, ಸೇಡಂನಿಂದ ಒಬ್ಬರು ಕೇಳಿದ್ದಾರೆ. ಹೋದ ಸಲವೂ ಇದೇ ಬಂದಿತ್ತು. ಹಾಗಾಗಿ ಈ ಸಲ ಹೆಚ್ಚಿನ ಜಾಗ ಇದಕ್ಕೇ.

ಮೋಟರ್ ಕೆಟ್ಟಿದ್ದರೆ ತಿರುಗುತ್ತಲೇ ಇರಲಿಲ್ಲ, ಅಲ್ವಾ? ಅದು ಯಾರದೋ ದಾರಿ ಕಾಯುತ್ತಿದೆ. ನೀವು ಸ್ಟಾರ್ಟ್ ಒತ್ತಿದಾಗ ಅಂಕಗಳನ್ನು ಸೊನ್ನೆಗೆ ತರುವ ರಿಸೆಟ್ ರಿಲೇ ಎಳೆದುಕೊಳ್ಳುತ್ತದೆ, ಸ್ಕೋರ್ ಮೋಟರ್ ಶುರುವಾಗುತ್ತದೆ. ಮೋಟರಿನ ಹಲ್ಲುಚಕ್ರಗಳು ಪಕ್ಕದ ಸ್ವಿಚ್ಚುಗಳನ್ನು ಒತ್ತಿ ಒತ್ತಿ ಅಂಕದ ಚಕ್ರಗಳಿಗೆ ಒಂದೊಂದೇ ಏಟು ಕೊಡುತ್ತವೆ. ಪ್ರತಿ ಏಟಿಗೆ ಚಕ್ರ ಒಂದು ಮನೆ ಮುಂದೆ ಹೋಗುತ್ತದೆ. ಸೊನ್ನೆಗೆ ಬಂದ ಚಕ್ರದ ಬೆನ್ನಲ್ಲಿರುವ ಸಣ್ಣ ಸ್ವಿಚ್ಚು ಬಿಟ್ಟುಕೊಂಡು "ನಂದಾಯ್ತು" ಅನ್ನುತ್ತದೆ. ಎಲ್ಲ ಚಕ್ರಗಳೂ ಹಾಗೆ ಅಂದ ಮೇಲೆ ರಿಲೇ ಬಿಡುತ್ತದೆ, ಮೋಟರ್ ನಿಲ್ಲುತ್ತದೆ. ಒಂದೇ ಒಂದು ಚಕ್ರ ಬಾಯಿ ಬಿಡದಿದ್ದರೂ ಮೋಟರ್ ಸಾಯಂಕಾಲದವರೆಗೆ ತಿರುಗುತ್ತದೆ. ಮಶಿನ್ ಮಾಡುತ್ತಿದ್ದ ಗಾಟ್ಲೀಬ್, ವಿಲಿಯಮ್ಸ್, ಬ್ಯಾಲಿ ಕಂಪನಿಗಳು ಮೂವರೂ ರಿಲೇಗಳಿಗೆ ಬೇರೆ ಬೇರೆ ಹೆಸರಿಟ್ಟಿದ್ದಾರೆ, ಲೆಕ್ಕ ಹೆಚ್ಚುಕಡಿಮೆ ಇದೇ.

ಈಗ ಮೇಲಿನ ಪೆಟ್ಟಿಗೆ ತೆಗೆದು ಚಕ್ರಗಳನ್ನು ನೋಡಿ. ಒಂದು ಚಕ್ರ 7ರಲ್ಲೋ 4ರಲ್ಲೋ ನಿಂತು ಟಕ್ ಟಕ್ ಅನ್ನುತ್ತಿದೆಯಾ? ಹಾಗಾದರೆ ಕರೆಂಟ್ ಬರುತ್ತಿದೆ, ಜಿಗುಟು ಹಿಡಿದಿದೆ. ಪ್ಲಗ್ ಕಿತ್ತು ಕಾಯಿಲ್ ಒಳಗಿನ ಕಡ್ಡಿಯನ್ನು ಬೆರಳಲ್ಲಿ ಒತ್ತಿ ಬಿಡಿ. ಚಟ್ಟನೆ ವಾಪಸ್ ಬರಬೇಕು. ನಿಧಾನಕ್ಕೆ ಬಂದರೆ ಯಾರೋ ಹಿಂದೆ ಎಣ್ಣೆ ಬಿಟ್ಟಿದ್ದಾರೆ, ಅದು ಈಗ ಬೆಲ್ಲದ ಪಾಕದ ಹಾಗಾಗಿದೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಮತ್ತೆ ಎಣ್ಣೆ ಹಾಕಬೇಡಿ. ಹೊಲಿಗೆ ಮಶಿನ್ ಎಣ್ಣೆಯನ್ನೂ ಹಾಕಬೇಡಿ. ಟಕ್ ಅನ್ನೋ ಸದ್ದೇ ಇಲ್ಲದಿದ್ದರೆ ಏಟು ಅಲ್ಲಿಗೆ ತಲುಪುತ್ತಿಲ್ಲ. ಕಾಯಿಲ್‌ನ ಕೂದಲಿನಂಥ ತಂತಿ ಬೆಸುಗೆ ಹತ್ತಿರ ತುಂಡಾಗಿದೆಯಾ ನೋಡಿ, ಮೇಲಿನ ಪೆಟ್ಟಿಗೆಯಿಂದ ಕೆಳಕ್ಕೆ ಬರುವ ದೊಡ್ಡ ಪ್ಲಗ್ಗುಗಳನ್ನು ಕಿತ್ತು ಮತ್ತೆ ಸಿಗಿಸಿ.

ಕಷ್ಟ ಇರೋದು ಎಲ್ಲ ಚಕ್ರಗಳೂ ಸೊನ್ನೆ ತೋರಿಸುತ್ತಾ ಮೋಟರ್ ಮಾತ್ರ ನಿಲ್ಲದೇ ಇದ್ದಾಗ. ಆಗ ಯಾವುದೋ ಸೊನ್ನೆ ಸ್ವಿಚ್ಚು ಬಿಟ್ಟುಕೊಳ್ಳುತ್ತಿಲ್ಲ. ಇಲ್ಲಿ ಮೀಟರ್ ನಂಬಬೇಡಿ. ಕಾಯಿಲ್‌ಗಳ ರೆಸಿಸ್ಟೆನ್ಸ್ ಕೆಲವೇ ಓಮ್. ಸ್ವಿಚ್ಚು ಬಿಟ್ಟುಕೊಂಡಿದ್ದರೂ ಸುತ್ತು ದಾರಿಯಲ್ಲಿ ಕಾಯಿಲ್ ಹಾದು ಬಂದು ಮೀಟರ್ ಪೀಂ ಅನ್ನುತ್ತದೆ. ಕಿರಾಣಿ ಅಂಗಡಿ ಚೀಟಿಯೇ ವಾಸಿ. ಬೆರಳಗಲದ ಪಟ್ಟಿ ಕತ್ತರಿಸಿ. ಪ್ಲಗ್ ಕಿತ್ತು, ಮೊದಲ ಚಕ್ರದ ಸೊನ್ನೆ ಸ್ವಿಚ್ಚಿನ ಎರಡು ಪಾಯಿಂಟ್ ಮಧ್ಯೆ ಚೀಟಿ ತೂರಿಸಿ. ಪ್ಲಗ್ ಹಾಕಿ ಸ್ಟಾರ್ಟ್ ಒತ್ತಿ. ನಿಂತರೆ ಕಳ್ಳ ಸಿಕ್ಕಿದ. ನಿಲ್ಲದಿದ್ದರೆ ಪ್ಲಗ್ ಕಿತ್ತು ಮುಂದಿನ ಚಕ್ರಕ್ಕೆ ಹೋಗಿ. ಕಳ್ಳರು ಇಬ್ಬರಿದ್ದರೆ ಹೀಗೆ ಸಿಗಲ್ಲ. ಆಗ ಎಲ್ಲದಕ್ಕೂ ಚೀಟಿ ಇಟ್ಟು, ಒಂದೊಂದೇ ತೆಗೆಯುತ್ತಾ ಬನ್ನಿ. ಎಲ್ಲದಕ್ಕೂ ಚೀಟಿ ಇಟ್ಟರೂ ತಿರುಗುತ್ತಿದ್ದರೆ ರಿಸೆಟ್ ರಿಲೇಯ ಪಾಯಿಂಟ್ ಅಂಟಿದೆ, ಇಲ್ಲವೇ ಮೋಟರಿನ ಸ್ವಂತ ಸ್ವಿಚ್ಚು. ಒಂದು ನಿಮಿಷಕ್ಕಿಂತ ಜಾಸ್ತಿ ತಿರುಗಲು ಬಿಡಬೇಡಿ, ರಿಲೇ ಕಾಯಿಲ್ ಬಿಸಿಯಾಗುತ್ತದೆ.

ಹೋದ ಬೇಸಿಗೆ ಕಲಬುರಗಿಯ ಒಂದು ಮನೆಯಲ್ಲಿ ಇದೇ ತೊಂದರೆ. ಫ್ಯಾನ್ ಕೂಡ ಬಿಸಿಗಾಳಿ ಬೀಸುತ್ತಿತ್ತು. ನಕ್ಷೆ ಹರಡಿಕೊಂಡು ಮೂರು ಗಂಟೆ ಕೂತೆ. ಕೊನೆಗೆ ನಾಲ್ಕನೇ ಚಕ್ರದ ಹಿಂದೆ ಬ್ಯಾಟರಿ ಬಿಟ್ಟು ನೋಡಿದರೆ ಎರಡು ಪಾಯಿಂಟ್ ನಡುವೆ ಬೆಳಕಿನ ಗೆರೆ ಇಲ್ಲ. ಕಣ್ಣಿಗೆ ಬಿಟ್ಟುಕೊಂಡ ಹಾಗೇ ಕಾಣುತ್ತಿತ್ತು, ಕೆಳ ಅಂಚಿನಲ್ಲಿ ಕೂದಲೆಳೆಯಷ್ಟು ತಾಗುತ್ತಿತ್ತು. ಗಿಡ್ಡ ಪಟ್ಟಿಯನ್ನು ಬುಡದ ಹತ್ತಿರ ಹಿಡಿದು ಒಂದಿಷ್ಟು ಬಗ್ಗಿಸಿದೆ, ಮುಗೀತು. ಉದ್ದದ ಪಟ್ಟಿ ಮುಟ್ಟಬೇಡಿ. ಬಿಟ್ಟುಕೊಂಡಾಗ ಸುಮಾರು ಒಂದೂವರೆ ಮಿಲಿಮೀಟರ್ ಸಂದು ಇರಲಿ, ಕೂಡಿದಾಗ ಪಾಯಿಂಟ್‌ಗಳು ಸ್ವಲ್ಪ ಉಜ್ಜಿಕೊಳ್ಳಲಿ.

ಇನ್ನೊಂದು ಮಾತು. ಪಾಯಿಂಟ್‌ಗೆ ಎಮರಿ ಪೇಪರ್ ಹಚ್ಚುವವರನ್ನು ಕಂಡರೆ ನನಗೆ ಮೈ ಉರಿಯುತ್ತೆ. ನಾನು ಈ ಕೆಲಸ ಕಲಿತದ್ದು ಟೆಲಿಫೋನ್ ಎಕ್ಸ್‌ಚೇಂಜಿನ ಸ್ಟ್ರೌಜರ್ ರಿಲೇಗಳ ಮುಂದೆ. ಅಲ್ಲಿ ಎಮರಿ ಹಿಡಿದವನ ಕೈಮೇಲೆ ನಮ್ಮ ಹಿರಿಯರು ಏಟು ಹಾಕುತ್ತಿದ್ದರು. ಬೆಳ್ಳಿಯ ಪಾಯಿಂಟ್‌ಗೆ ಬಿಳಿ ರಟ್ಟಿನ ಪಟ್ಟಿ ಎರಡು ಸಲ ಎಳೆದರೆ ಸಾಕು, ನಮ್ಮ ಊರಿನ ಧೂಳು ಅಷ್ಟಕ್ಕೇ ಬರುತ್ತದೆ. ಸಣ್ಣ ಅರ ಬೇಕಾಗುವುದು ಫ್ಲಿಪ್ಪರ್‌ನ (ಚೆಂಡು ಹೊಡೆಯುವ ರೆಕ್ಕೆಯ) ಗಟ್ಟಿ ಟಂಗ್‌ಸ್ಟನ್ ಪಾಯಿಂಟ್‌ಗಳಿಗೆ ಮಾತ್ರ. ಸ್ಪ್ರೇ ಹೊಡೆಯಲೇಬೇಡಿ. ಕಿಡಿ ಹಾರುವ ಜಾಗಕ್ಕೆ ಹತ್ತಿಕೊಳ್ಳುವ ದ್ರವ ಹಾಕ್ತೀರಾ?

ಪ್ರಶ್ನೆ: ಅಳಿಯ ಅಮೆರಿಕದಿಂದ ಮಶಿನ್ ತರಿಸಿದ್ದಾರೆ. ಪ್ಲಗ್ ಬದಲಾಯಿಸಿ ನಮ್ಮ ಸಾಕೆಟ್‌ಗೆ ಹಾಕಬಹುದಾ? (ಹುಮನಾಬಾದ್)

ಉತ್ತರ: ಹೊಗೆ ನೋಡುವ ಆಸೆ ಇದ್ದರೆ ಹಾಕಿ. ಅಲ್ಲಿಯ ಕರೆಂಟ್ 120 ವೋಲ್ಟ್, 60 ಹರ್ಟ್ಸ್. ನಮ್ಮದು 230, 50. ಯುರೋಪಿಗೆ ಕಳಿಸಿದ ಮಶಿನ್ ಆಗಿದ್ದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಮೇಲೆ ತಂತಿ ಬೆಸೆಯಲು 220 ಅಥವಾ 240 ಅಂತ ಬರೆದ ಕಡ್ಡಿ ಇರಬಹುದು, ಮೊದಲು ಅದನ್ನು ಓದಿ. ಇಲ್ಲದಿದ್ದರೆ ಐಸೊಲೇಶನ್ ಇರುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮಾಡಿಸಿ, ಅಗ್ಗದ ಆಟೋ ಟ್ರಾನ್ಸ್‌ಫಾರ್ಮರ್ ಬೇಡ. ಅದಾದ ಮೇಲೂ 50 ಹರ್ಟ್ಸ್‌ಗೆ ಒಳಗಿನ ಟ್ರಾನ್ಸ್‌ಫಾರ್ಮರ್ ಜಾಸ್ತಿ ಬಿಸಿಯಾಗುತ್ತದೆ, ಮೋಟರ್ ಸುಮಾರು ಆರನೇ ಒಂದು ಭಾಗ ನಿಧಾನ ತಿರುಗುತ್ತದೆ. ಎರಡು ತಂತಿಯ ಹಳೇ ವೈರ್ ಕಿತ್ತು ಮೂರು ತಂತಿಯದು ಹಾಕಿಸಿ. ನಾಣ್ಯದ ಬಾಗಿಲು, ಪಕ್ಕದ ಲೋಹದ ಪಟ್ಟಿ ಎಲ್ಲಕ್ಕೂ ಅರ್ಥಿಂಗ್ ಕೊಡಿಸಿ. ಮಕ್ಕಳು ಬರಿಗಾಲಲ್ಲಿ ಫರಸಿ ಮೇಲೆ ನಿಂತು ಆಡ್ತಾರೆ. ಅರ್ಥಿಂಗ್ ಇಲ್ಲದ ಮಶಿನ್ ನಾನು ಮುಟ್ಟೋದಿಲ್ಲ, ಎಷ್ಟೇ ಬೇಕಾದವರಾಗಲಿ.

ಪ್ರಶ್ನೆ: ಫ್ಯೂಸ್ ಪದೇ ಪದೇ ಹೋಗುತ್ತಿತ್ತು. ದಪ್ಪ ತಂತಿ ಸುತ್ತಿದ ಮೇಲೆ ಸರಿಯಾಯ್ತು. ಪರವಾಗಿಲ್ವಾ? (ಬೀದರ್)

ಉತ್ತರ: ತೆಗೀರಿ. ಓದಿ ಮುಗಿಸೋಕೆ ಮುಂಚೆ ತೆಗೀರಿ.

ಪ್ರಶ್ನೆ: ಒಂದು ಫ್ಲಿಪ್ಪರ್‌ಗೆ ಶಕ್ತಿ ಇಲ್ಲ. ಹೊಸ ಕಾಯಿಲ್ ಹಾಕಲಾ? (ಕಲಬುರಗಿ)

ಉತ್ತರ: ಬೇಡ. ಆ ಕಾಯಿಲ್‌ನಲ್ಲಿ ಎರಡು ಸುತ್ತುಗಳಿವೆ. ಒಂದು ಹೊಡೆಯಲು, ಇನ್ನೊಂದು ಹಿಡಿದುಕೊಳ್ಳಲು. ಫ್ಲಿಪ್ಪರ್ ಪೂರ್ತಿ ಮೇಲೆದ್ದಾಗ ಮಾತ್ರ ಬಿಟ್ಟುಕೊಳ್ಳುವ ಸ್ವಿಚ್ಚು ಅದರ ಪಕ್ಕದಲ್ಲಿದೆ. ಅದು ಕೊಳೆಯಾದರೆ ಹೊಡೆತಕ್ಕೆ ಬಲ ಇರಲ್ಲ. ಬಿಟ್ಟುಕೊಳ್ಳದೇ ಇದ್ದರೆ ಕಾಯಿಲ್ ಸುಡುತ್ತದೆ. ಆ ಸ್ವಿಚ್ಚಿನ ಪಾಯಿಂಟ್‌ಗಳನ್ನು ಅರದಿಂದ ಒಂದೆರಡು ಸಲ ತೀಡಿ.

ಪ್ರಶ್ನೆ: ಕರೆಂಟಿನ ವಸ್ತು ಆಗ್ನೇಯ ಮೂಲೆಯಲ್ಲಿ ಇಡಬೇಕಂತೆ. ನಮ್ಮದು ಉತ್ತರಕ್ಕಿದೆ, ಅದಕ್ಕೇ ಕೆಡ್ತಿದೆಯಾ? (ಸುರಪುರ)

ಉತ್ತರ: ಅರ್ಥಿಂಗ್ ಇರುವ ಸಾಕೆಟ್ ಯಾವ ಮೂಲೆಯಲ್ಲಿದೆಯೋ ಆ ಮೂಲೆಯಲ್ಲಿಡಿ.

ಪ್ರಶ್ನೆ: ಮನೆ ಬದಲಾಯಿಸಿದ ಮೇಲೆ ಚೆಂಡು ಹೊರಗೆ ಬರ್ತಾ ಇಲ್ಲ. ಎಲ್ಲ ರಿಲೇ ಬಿಚ್ಚಿ ನೋಡಿದೆ. (ಯಾದಗಿರಿ)

ಉತ್ತರ: ಸಾಗಿಸುವಾಗ ಚೆಂಡು ತೆಗೆದಿಟ್ಟಿದ್ದಿರಿ, ಅಲ್ವಾ? ವಾಪಸ್ ಹಾಕಿದ್ರಾ? ಕಳೆದಿದ್ದರೆ ಬೇರಿಂಗ್ ಅಂಗಡಿಯಲ್ಲಿ 27 ಮಿಲಿಮೀಟರ್‌ನ ಸ್ಟೀಲ್ ಗುಂಡು ಕೇಳಿ, ಗೀಚು ಇಲ್ಲದ್ದು. ಬಿಚ್ಚಿದ ರಿಲೇಗಳ ಬಗ್ಗೆ ಆಮೇಲೆ ಬರೀರಿ.