ಮಗನಿಗೆ ರಾತ್ರಿ ಹೊತ್ತಿಗೆ ಕಣ್ಣುರಿ, ಹಣೆ ನೋವು. ಬ್ಲೂ ಲೈಟ್ ಕನ್ನಡಕ ಕೊಡಿಸಲಾ?

ಒಂಬತ್ತನೇ ಕ್ಲಾಸಿನ ಮಗ ಲ್ಯಾಪ್‌ಟಾಪಿನಲ್ಲಿ ಪಾಠ ಮುಗಿಸಿ ಆಮೇಲೆ ಮೊಬೈಲ್ ಹಿಡಿಯುತ್ತಾನೆ, ರಾತ್ರಿ ಕಣ್ಣುರಿ, ಹಣೆ ನೋವು ಅನ್ನುತ್ತಾನೆ, ಸ್ಕ್ರೀನಿನ ನೀಲಿ ಬೆಳಕು ತಡೆಯುವ ಬ್ಲೂ ಲೈಟ್ ಕನ್ನಡಕ ಹಾಕಿಸಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಕಣ್ಣು ಪರೀಕ್ಷೆ ಮಾಡಿ ಪವರ್ ಬರೆದುಕೊಡುವುದು ನನ್ನ ಕೆಲಸ. ಆದರೂ ಹೇಳುತ್ತೇನೆ, ಆ ದುಡ್ಡು ಉಳಿಸಿ.

2023ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆಯವರು ಈ ಕನ್ನಡಕಗಳ ಬಗ್ಗೆ ನಡೆದ 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕಣ್ಣಿನ ಆಯಾಸದ ಮಟ್ಟಿಗೆ ಮಾಮೂಲಿ ಕನ್ನಡಕಕ್ಕೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಷ್ಟಕ್ಕೂ ಸ್ಕ್ರೀನಿನ ನೀಲಿ ಬೆಳಕು ಹಗಲಿನ ಬೆಳಕಿನ ಮುಂದೆ ಏನೇನೂ ಅಲ್ಲ.

ಉರಿ ಬರುವುದು ರೆಪ್ಪೆಯಿಂದ. ಸುಮ್ನೆ ಮಾತಾಡುತ್ತಾ ಕೂತಾಗ ನಿಮಿಷಕ್ಕೆ 15ರಿಂದ 20 ಸಲ ಕಣ್ಣು ಮಿಟುಕಿಸುತ್ತೇವೆ. ಸ್ಕ್ರೀನ್ ಮುಂದೆ ಅದು ಅರ್ಧಕ್ಕೋ ಅದಕ್ಕೂ ಕೆಳಗೋ ಇಳಿಯುತ್ತದೆ. ಮಿಟುಕಿಸಿದರೂ ಎಷ್ಟೋ ಸಲ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಕಣ್ಣೀರಿನ ಪದರ ಒಣಗುತ್ತದೆ, ಉರಿ ಶುರುವಾಗುತ್ತದೆ. ಫ್ಯಾನ್ ಗಾಳಿ ನೇರ ಮುಖಕ್ಕೇ ಬಡಿಯುತ್ತಿದ್ದರೆ ಇನ್ನೂ ಜಾಸ್ತಿ.

ಹಣೆ ನೋವಿನ ಕಥೆ ಬೇರೆ. ಹತ್ತಿರದ್ದನ್ನು ನೋಡಲು ಕಣ್ಣಿನೊಳಗಿನ ಸಣ್ಣ ಸ್ನಾಯು ಬಿಗಿಯಾಗಬೇಕು, ಎರಡೂ ಕಣ್ಣು ಮೂಗಿನ ಕಡೆ ತಿರುಗಬೇಕು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 40 ಸೆಂಟಿಮೀಟರ್ ದೂರಕ್ಕೆ ಕಣ್ಣು 2.5 ಡಯಾಪ್ಟರ್ (ಕನ್ನಡಕದ ಪವರ್ ಅಳೆಯುವ ಮಾನ) ದುಡಿಯಬೇಕು. 20 ಸೆಂಟಿಮೀಟರಿಗೆ ಬಂದರೆ 5. ಅಂದರೆ ನೇರ ಎರಡು ಪಟ್ಟು! ಹುಡುಗರು ಮಲಗಿಕೊಂಡು ಮೊಬೈಲನ್ನು ಎಷ್ಟು ಹತ್ತಿರ ಹಿಡಿಯುತ್ತಾರೆ, ನೋಡಿದ್ದೀರಲ್ವಾ? ಹಾಗಾಗಿ ನನ್ನ ತಕರಾರು ಲ್ಯಾಪ್‌ಟಾಪಿನ ಮೇಲೆ ಅಲ್ಲ, ಹಾಸಿಗೆಯಲ್ಲಿ ಹಿಡಿಯುವ ಮೊಬೈಲಿನ ಮೇಲೆ. ವಿಡಿಯೋ ನೋಡಲೇಬೇಕು ಅಂದರೆ ದೊಡ್ಡ ಸ್ಕ್ರೀನಿನಲ್ಲಿ, ದೂರ ಕೂತು ನೋಡಲಿ.

20 ನಿಮಿಷಕ್ಕೊಮ್ಮೆ, 20 ಅಡಿ ದೂರಕ್ಕೆ, 20 ಸೆಕೆಂಡ್ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಒಳ್ಳೆಯದೇ. ಆದರೆ ಆ ವಯಸ್ಸಿನವರು ಗಡಿಯಾರ ನೋಡಿಕೊಂಡು ಇದನ್ನು ಮಾಡುವುದು ನಾನಂತೂ ಕಂಡಿಲ್ಲ. ಒಂದು ಪಾಠ ಮುಗಿದಾಗ ಎದ್ದು ಕಿಟಕಿ ಹತ್ತಿರ ಹೋಗಿ ಬಾ ಅನ್ನಿ, ಸಾಕು.

ಇದಕ್ಕೆಲ್ಲ ಮೊದಲು ಒಂದು ಸಲ ಪವರ್ ಪರೀಕ್ಷೆ ಮಾಡಿಸಿ. ಬೋರ್ಡ್ ಚೆನ್ನಾಗಿ ಕಾಣುತ್ತೆ ಅಂತ ಮಗ ಹೇಳಿದರೂ ಮಾಡಿಸಿ. ಸ್ವಲ್ಪ ಪ್ಲಸ್ ಪವರ್, ಅಂದರೆ ಹತ್ತಿರದ್ದನ್ನು ನೋಡಲು ಕಣ್ಣು ಹೆಚ್ಚು ದುಡಿಯಬೇಕಾದ ದೋಷ, ಇರುವ ಮಕ್ಕಳು ಕಣ್ಣಿಗೆ ಶ್ರಮ ಕೊಟ್ಟು ಚಾರ್ಟಿನ ಕೊನೆ ಸಾಲನ್ನೂ ಓದಿಬಿಡುತ್ತಾರೆ. ಸಂಜೆ ತಲೆ ನೋಯುತ್ತದೆ. ಕಣ್ಣಿನೊಳಗಿನ ಆ ಸಣ್ಣ ಸ್ನಾಯುವನ್ನು ಸಡಿಲಿಸುವ ಡ್ರಾಪ್ಸ್ ಹಾಕಿ ನೋಡಿದಾಗ ನಿಜವಾದ ಪವರ್ ಗೊತ್ತಾಗುತ್ತದೆ. ಡ್ರಾಪ್ಸ್ ಹಾಕಿ ನೋಡಬೇಕಾ ಅಂತ ನೀವೇ ಕೇಳಿ. ಕೆಲವು ಗಂಟೆ ಅಕ್ಷರ ಮಂಜಾಗಿ ಕಾಣುತ್ತದೆ, ಸ್ಕೂಲಿನ ಪರೀಕ್ಷೆ ಹಿಂದಿನ ದಿನ ಬೇಡ.

ಒಂದೇ ಕಣ್ಣು ನೋಯುತ್ತಿದ್ದರೆ, ಎರಡೆರಡು ಕಾಣುತ್ತಿದ್ದರೆ, ಬೆಳಗ್ಗೆ ಏಳುವಾಗಲೇ ತಲೆನೋವು, ವಾಂತಿ ಇದ್ದರೆ ಅದನ್ನು ಸ್ಕ್ರೀನಿನ ತಲೆಗೆ ಕಟ್ಟಿ ಕೂರಬೇಡಿ. ತಡಮಾಡದೆ ಡಾಕ್ಟರಿಗೆ ತೋರಿಸಿ.