ಎಡಿಟರ್ ಕೊಡಲೋ ವ್ಯೂವರ್ ಕೊಡಲೋ ಅನ್ನುವ ಮೊದಲು ಓನರ್ ಯಾರು ನೋಡಿ

ಸೀರೆ ಅಂಗಡಿಯ ಫೋಟೊಗಳೆಲ್ಲ ಗೂಗಲ್ ಡ್ರೈವಿನ ಒಂದು ಫೋಲ್ಡರಿನಲ್ಲಿವೆ, ಕೆಲಸದ ಹುಡುಗನಿಗೆ ಎಡಿಟರ್ (ತಿದ್ದುವ ಅನುಮತಿ) ಕೊಟ್ಟರೆ ಅಳಿಸಿಬಿಟ್ಟಾನು, ವ್ಯೂವರ್ (ನೋಡುವ ಅನುಮತಿ ಮಾತ್ರ) ಕೊಟ್ಟರೆ ಫೋಟೊ ಹಾಕಲಿಕ್ಕೆ ಬರುವುದಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ನಾಲ್ಕು ವರ್ಷದ ಹಿಂದೆ ಇಳಕಲ್ಲಿನ ನಮ್ಮ ಅಂಗಡಿಯ ಗಾದಿ ಮೇಲೆ ಕೂತು ನಾನೂ ಇದನ್ನೇ ಲೆಕ್ಕ ಹಾಕುತ್ತಿದ್ದೆ. ನೀವು ಹೆದರಬೇಕಾದ ಜಾಗವೇ ಬೇರೆ ಇದೆ, ಅದನ್ನು ಮೊದಲು ಹೇಳುತ್ತೇನೆ.

ನಮ್ಮಲ್ಲಿ ಒಬ್ಬ ಹುಡುಗ ಇದ್ದ, ಕೈ ಚುರುಕು, ಅವನ ಮೊಬೈಲಿನ ಕ್ಯಾಮೆರಾನೂ ಚಲೋ ಇತ್ತು. ಹೊಸ ಸೀರೆ ಬಂದರೆ ಸೆರಗು ಹರಡಿ ಫೋಟೊ ತೆಗೆಯುವುದು ಅವನ ಕೆಲಸ. ಹಳೆಯ ಸೀರೆಗಳನ್ನೂ ತೆಗೆಸುತ್ತಿದ್ದೆ. ಊರಿನ ಅಜ್ಜಿಯರ ಟ್ರಂಕಿನಲ್ಲಿ ಈಗ ಯಾರೂ ನೇಯದ ದಡಿಗಳ (ಅಂಚುಗಳ) ಸೀರೆಗಳಿರುತ್ತವೆ, ಅವನ್ನು ನೋಡಿ ಮತ್ತೆ ನೇಯಿಸಬೇಕು ಅನ್ನುವುದು ನನ್ನ ಆಸೆ. ಅಂಗಡಿಯ ಖಾತೆಯ ಪಾಸ್‌ವರ್ಡ್ ಅವನಿಗೆ ಕೊಡಲಿಕ್ಕೆ ಮನಸ್ಸಾಗಲಿಲ್ಲ. ಅದಕ್ಕೆ ನನ್ನ ಖಾತೆಯಲ್ಲಿ ಫೋಲ್ಡರು ಮಾಡಿ, ಅವನ ಜಿಮೇಲಿಗೆ ಎಡಿಟರ್ ಕೊಟ್ಟೆ. ಎರಡು ವರ್ಷ ಅವನು ಅವನ ಖಾತೆಯಿಂದಲೇ ಹಾಕುತ್ತಾ ಹೋದ. ಸಾವಿರದ ಮೇಲೆ ಫೋಟೊ ಆದವು.

ಆಮೇಲೆ ಅವನು ಬೇರೆ ಕೆಲಸ ಹಿಡಿದು ಬೆಂಗಳೂರಿಗೆ ಹೋದ. ಜಗಳವಿಲ್ಲ, ಏನಿಲ್ಲ. ಐದಾರು ತಿಂಗಳಿಗೆ ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ಫೋನ್ ಮಾಡಿ "ಸಾಹುಕಾರ್ರ, ಫೋಟೊನ ಬರವಲ್ದು ನೋಡ್ರಿ" ಅಂದರು. ತೆಗೆದು ನೋಡಿದರೆ ಒಳಗಿನ ಫೋಲ್ಡರುಗಳು ಹಾಗೇ ಇವೆ: ಗೋಮಿ, ಪರಾಸಪೇಟ, ಗಾಡಿ ದಡಿ ಅಂತ ದಡಿಗಳ ಹೆಸರಿನವು, ಮತ್ತೆ ಹಳೇ ಸೆರಗು. ಒಂದೊಂದನ್ನೇ ತೆರೆದೆ. ಎಲ್ಲವೂ ಖಾಲಿ. ಫೋಲ್ಡರು ಮಾಡಿದವನು ನಾನು, ಹಾಗಾಗಿ ಅವು ಉಳಿದವು. ಫೋಟೊ ಹಾಕಿದವನು ಅವನು.

ನನ್ನ ಟ್ರ್ಯಾಶ್ ಹುಡುಕಿದೆ, ಒಂದೂ ಇಲ್ಲ. ಅಲ್ಲಿ ಇರುವುದೂ ಇಲ್ಲ, ಯಾಕೆಂದರೆ ಅವನ ಫೈಲು ಬೀಳುವುದು ಅವನ ಟ್ರ್ಯಾಶಿಗೆ. ಫೋನ್ ಹಚ್ಚಿದೆ. "ಅಣ್ಣಾರ, ಜಾಗಾ ತುಂಬೇತಿ ಅಂತ ತೋರಸಾಕತ್ತಿತ್ತು, ಹಳೇವೆಲ್ಲಾ ತಗದಬಿಟ್ಟೆನ್ರಿ. ನಿಮ್ಮ ಫೋಲ್ಡರಿನ್ಯಾಗ ಇರತಾವ ಅನ್ಕೊಂಡಿದ್ದೆ" ಅಂದ. ಪುಕ್ಕಟೆ ಖಾತೆಗೆ ಕೊಡುವುದು 15 ಜಿಬಿ. ಜಿಮೇಲು, ಡ್ರೈವು, ಫೋಟೊಸ್ ಎಲ್ಲ ಸೇರಿ ಅಷ್ಟೇ. ನಮ್ಮ ಸೀರೆಯ ಫೋಟೊಗಳೆಲ್ಲ ಅವನ 15 ಜಿಬಿಯನ್ನು ತಿನ್ನುತ್ತಿದ್ದವು, ನನ್ನದನ್ನಲ್ಲ. ಅಳಿಸಿದ್ದು 30 ದಿನ ಟ್ರ್ಯಾಶಿನಲ್ಲಿ ಇರುತ್ತದೆ ನಿಜ, ಆದರೆ ಅಲ್ಲಿರುವಷ್ಟು ದಿನವೂ ಜಾಗದ ಲೆಕ್ಕಕ್ಕೆ ಬರುತ್ತದೆ. ಜಾಗ ಬೇಕಾಗಿದ್ದವನು ಅದನ್ನೂ ಅವತ್ತೇ ಖಾಲಿ ಮಾಡಿದ್ದ.

ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯೊಳಗೂ ಅದೇ ಕೂತಿದೆ. ಫೋಲ್ಡರನ್ನು ನಾನು ಟ್ರಂಕಿನಂತೆ ತಿಳಿದಿದ್ದೆ: ಟ್ರಂಕು ನನ್ನದು, ಒಳಗಿಟ್ಟದ್ದೂ ನನ್ನದು. ಡ್ರೈವಿನ ಮಾತು ಹಾಗಲ್ಲ. ಮಾರಿಕೊಡ್ರಿ ಅಂತ ನೇಕಾರರು ನಮ್ಮ ಅಂಗಡಿಯಲ್ಲಿ ಸೀರೆ ಇಟ್ಟುಹೋಗುತ್ತಾರಲ್ಲ, ಹಾಗೆ. ಕಪಾಟು ನಮ್ಮದು, ಸೀರೆ ಅವರದು, ಬೇಕೆಂದಾಗ ಬಂದು ಒಯ್ಯಬಹುದು. ಯಾರ ಖಾತೆಯಿಂದ ಫೈಲು ಏರಿತೋ ಅವರೇ ಅದರ ಓನರ್. ನಾಳೆ ಫೋಲ್ಡರಿನ ಓನರನ್ನು ಬದಲಿಸಿದರೂ ಒಳಗಿನ ಫೈಲುಗಳ ಓನರ್ ಬದಲಾಗುವುದಿಲ್ಲ. ಇಷ್ಟು ದಿನ ನಾನು ಯಾರಿಗೆ ಎಡಿಟರ್, ಯಾರಿಗೆ ವ್ಯೂವರ್ ಅಂತ ತಿದ್ದಿದ್ದೇ ತಿದ್ದಿದ್ದು, ಓನರ್ ಅನ್ನುವ ಕಾಲಮ್ಮನ್ನು ಒಮ್ಮೆಯೂ ಓದಿರಲಿಲ್ಲ.

ಹೊಸ ಸೀರೆಯ ಫೋಟೊ ಮತ್ತೆ ತೆಗೆದೆವು. ಹಳೆಯವು ಬರಲಿಲ್ಲ. ಒಂದು ಸೆರಗು ಕಣ್ಣ ಮುಂದೇ ಇದೆ. ಒಡಲಿನ ಹತ್ತಿಯ ಹಾಸಿನ, ಅಂದರೆ ಉದ್ದನೆಯ ಎಳೆಗಳ, ತುದಿಗೆ ಸೆರಗಿನ ರೇಷ್ಮೆ ಹಾಸನ್ನು ಕುಣಿಕೆ ಹಾಕಿ ಸೇರಿಸುವ ಕೊಂಡಿ ಎಷ್ಟು ಸಣ್ಣದಾಗಿತ್ತು ಅಂದರೆ, ಅಳತೆಗೆ ಅಂತ ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯ ಇಟ್ಟು ತೆಗೆಸಿದ್ದೆ. ಕೆಂಪು ಸೆರಗಿನ ಮೇಲೆ ಬಾಚಣಿಗೆಯ ಹಲ್ಲಿನಂಥ ಬಿಳಿಯ ಹಣಿಗೆಯ ಸಾಲು. ಆ ಅಜ್ಜಿಯ ಮನೆಗೆ ಮತ್ತೆ ಹೋದೆ. ಅಜ್ಜಿ ತೀರಿಕೊಂಡಿದ್ದರು, ಮನೆಯವರು ಆ ಸೀರೆಯನ್ನು ಹರಿದು ಕೌದಿ ಹೊಲಿಸಿದ್ದರು. ಕೌದಿಯಲ್ಲಿ ಸೆರಗಿನ ತುಂಡು ಗೇಣಗಲ ಇತ್ತು, ಕೊಂಡಿ ಮಾತ್ರ ಹೊಲಿಗೆಯೊಳಗೆ ಮುಚ್ಚಿಹೋಗಿತ್ತು.

ಈಗ ನಿಮ್ಮ ಭಯದ ಬಗ್ಗೆ. ನಿಮ್ಮ ಖಾತೆಯಿಂದ ಏರಿದ ಫೈಲನ್ನು ಎಡಿಟರ್ ಆದವನು ಪೂರ್ತಿ ಅಳಿಸಲಾರ. ಫೋಲ್ಡರಿನಿಂದ ಹೊರಗೆ ಹಾಕಬಹುದು, ಅಷ್ಟೇ. ಡ್ರೈವಿನಲ್ಲಿ ಹೆಸರು ಹೊಡೆದು ಹುಡುಕಿದರೆ ಸಿಗುತ್ತದೆ. ಅವನು ಅಳಿಸಬಲ್ಲದ್ದು ಅವನೇ ಹಾಕಿದ್ದನ್ನು, ಮತ್ತು ನೀವು ಅವನ ಕೈಯಲ್ಲಿ ಹಾಕಿಸಬೇಕೆಂದಿರುವುದು ಅದನ್ನೇ. ಹಾಗಾಗಿ ಹುಡುಗನ ಸ್ವಂತ ಖಾತೆಗೆ ಎರಡನ್ನೂ ಕೊಡಬೇಡಿ. ಒಂದು ಸಾದಾ ಫೋನು ಕೊಂಡು ಅದರಲ್ಲಿ ಅಂಗಡಿಯ ಖಾತೆ ಹಾಕಿ. ಯಾರು ಫೋಟೊ ತೆಗೆದರೂ ಅದರಿಂದಲೇ ಏರಲಿ, ಫೋನು ಅಂಗಡಿಯಲ್ಲೇ ಇರಲಿ. ಯಾರಾದರೂ ಅಳಿಸಿದರೂ ನಿಮ್ಮ ಟ್ರ್ಯಾಶಿಗೇ ಬೀಳುತ್ತದೆ, ಅದನ್ನು ಯಾರೂ ಖಾಲಿ ಮಾಡದಿದ್ದರೆ 30 ದಿನ ನಿಮ್ಮ ಕೈಯಲ್ಲಿರುತ್ತದೆ. ಜಾಗ ಸಾಲದಿದ್ದರೆ ದುಡ್ಡು ಕೊಟ್ಟು ತಗೊಳ್ಳಿ. ಆಗ ಆ ದುಡ್ಡು ಉಳಿಸಿದ್ದಕ್ಕೆ ನನಗೆ ಇಂದಿಗೂ ಸಂಕಟವಿದೆ. ತಿಂಗಳಿಗೊಮ್ಮೆ ಹಾರ್ಡ್ ಡಿಸ್ಕಿಗೂ ಇಳಿಸಿಕೊಳ್ಳುತ್ತೇನೆ.

ವ್ಯಾಪಾರಿಗಳಿಗೆ ಬೇರೆಯೇ ಫೋಲ್ಡರು ಮಾಡಿ ವ್ಯೂವರ್ ಕೊಡಿ. ಮೇಲಿನ ಫೋಲ್ಡರಿಗೆ ಕೊಟ್ಟ ಅನುಮತಿ ಒಳಗಿನದಕ್ಕೂ ಇಳಿಯುತ್ತದೆ, ಒಂದರೊಳಗೇ ಬೇಲಿ ಹಾಕಲು ಹೋಗಬೇಡಿ. ಡೌನ್‌ಲೋಡ್ ಬಂದ್ ಮಾಡುವ ಸೆಟ್ಟಿಂಗಿಗೆ ತಲೆ ಕೆಡಿಸಿಕೊಳ್ಳಬೇಡಿ, ಸ್ಕ್ರೀನ್‌ಶಾಟ್ ತೆಗೆಯುವವರನ್ನು ಅದು ತಡೆಯುವುದಿಲ್ಲ.

ಇದಕ್ಕಿಂತ ಮೊದಲು, ಇವತ್ತೇ, ಕಂಪ್ಯೂಟರಿನಲ್ಲಿ ಫೋಲ್ಡರು ತೆರೆದು ಪಟ್ಟಿಯ ನೋಟಕ್ಕೆ ತಿರುಗಿಸಿ. ಓನರ್ ಕಾಲಮ್ಮಿನಲ್ಲಿ ಬೇರೆಯವರ ಹೆಸರಿರುವ ಫೈಲುಗಳನ್ನೆಲ್ಲ ಆರಿಸಿ 'ಮೇಕ್ ಎ ಕಾಪಿ' ಮಾಡಿ, ಪ್ರತಿಯ ಓನರ್ ನೀವೇ ಆಗುತ್ತೀರಿ. ಫೋಲ್ಡರನ್ನೇ ಕಾಪಿ ಮಾಡಲು ಬರುವುದಿಲ್ಲ, ಒಳಗೆ ಹೋಗಿ ಫೈಲು ಆರಿಸಬೇಕು. ಹುಡುಗನ ಹೆಸರಲ್ಲಿ ಎಷ್ಟು ಇವೆ ಅಂತ ನೋಡಿ ಇಲ್ಲೇ ಬರೆಯಿರಿ. ಬಹಳ ಇದ್ದರೆ ಎಲ್ಲ ಇಳಿಸಿಕೊಂಡು ನಿಮ್ಮ ಖಾತೆಯಿಂದ ಮತ್ತೆ ಏರಿಸುವುದೇ ಬೇಗ.