ರಾಯಚೂರಿನ ಎರೆ ಮಣ್ಣಿನಲ್ಲಿ ಲಾನ್, ಗಿಡ, ಮರ: ಯಾವ ಕಾಲಕ್ಕೆ ಏನು ಮಾಡಬೇಕು?

ನೀವು ಕೇಳಿದ್ದು ಇಷ್ಟು: ರಾಯಚೂರಿನಲ್ಲಿ ಹೊಸ ಮನೆ ಕಟ್ಟಿಸಿದ್ದೀರಿ. ಮುಂದಿನ ಜಾಗಕ್ಕೆ ಮೆಕ್ಸಿಕನ್ ಲಾನ್ ಹಾಕಿಸಿದ್ದು ಏಪ್ರಿಲ್ ಬರುತ್ತಿದ್ದಂತೆ ಒಣಗುತ್ತಿದೆ. ಗೋಡೆ ಪಕ್ಕದ ನಿಂಬೆ ಗಿಡದ ಎಲೆ ಹಳದಿಯಾಗಿದೆ. ಹಳೇ ಬೇವಿನ ಮರ ಹೋದ ವರ್ಷ ತುದಿಯಿಂದ ಒಣಗಿತ್ತು. ದಿನಾ ಎರಡು ಹೊತ್ತು ನೀರು ಬಿಟ್ಟರೂ ಹೀಗೇಕೆ, ವರ್ಷವಿಡೀ ಹೇಗೆ ನೋಡಿಕೊಳ್ಳಬೇಕು ಅಂತ.

ನಾನೂ ರಾಯಚೂರಿನವಳೇ, ನಮ್ಮ ಮನೆಯದೂ ಎರೆ ಮಣ್ಣೇ, ಅಂದರೆ ಜಿಗುಟು ಕಪ್ಪು ಮಣ್ಣು. ನಮ್ಮ ಕಡೆ ಗಿಡ ಕೆಡುವುದು ಬಿಸಿಲಿಗಿಂತ ಜಾಸ್ತಿ ಮಣ್ಣಿನಿಂದ. ಬೇಸಿಗೆಯಲ್ಲಿ ಎರೆ ಮಣ್ಣು ಬಿರಿಯುತ್ತದೆ. ಬಿರಿದಾಗ ಎಳೇ ಬೇರು ಹರಿದುಹೋಗುತ್ತವೆ. ಮಳೆಗಾಲದಲ್ಲಿ ಅದೇ ಮಣ್ಣು ಉಬ್ಬಿ ನೀರು ಹಿಡಿದಿಡುತ್ತದೆ, ಆಗ ಉಳಿದ ಬೇರು ಕೊಳೆಯುತ್ತವೆ. ಬಿರುಕು ಬಿಡದಂತೆ, ನೀರು ನಿಲ್ಲದಂತೆ ನೋಡಿಕೊಂಡರೆ ಅರ್ಧಕ್ಕಿಂತ ಹೆಚ್ಚು ಕೆಲಸ ಆದಂತೆ. ವಿಡಿಯೋಗಳಲ್ಲಿ ತೋರಿಸುವ ಹೊರದೇಶದ ಕ್ಯಾಲೆಂಡರ್ ಪಕ್ಕಕ್ಕಿಡಿ. ಅದು ಹಿಮ ಬೀಳುವ ಊರಿನವರಿಗೆ. ನಮ್ಮ ವರ್ಷ ಮಳೆಯಿಂದ ಶುರುವಾಗುತ್ತದೆ.

ಮೊದಲು ನೀರಿನ ವಿಷಯ. ಎರೆ ಮಣ್ಣಿನ ಮೇಲ್ಪದರ ಎರಡೇ ದಿನಕ್ಕೆ ಒಣಗಿ ಬೂದು ಬಣ್ಣಕ್ಕೆ ಬರುತ್ತದೆ. ನೋಡಿದವರು ಅಯ್ಯೋ ಒಣಗಿತು ಅಂತ ಪೈಪ್ ಹಿಡಿಯುತ್ತಾರೆ. ನೀವು ಒಮ್ಮೆ ಅದೇ ಜಾಗದಲ್ಲಿ ಖುರಪಿಯಿಂದ ಗೇಣುದ್ದ ಅಗೆದು ನೋಡಿ. ಕೆಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ. ಉಂಡೆ ಕಟ್ಟಿ, ಬೆರಳಿಗೆ ಮೆತ್ತಿಕೊಂಡರೆ ಆ ದಿನ ನೀರು ಬೇಡ. ಪುಡಿಪುಡಿಯಾಗಿ ಉದುರಿದರೆ ಬೇಕು. ದಿನಾ ಎರಡು ಹೊತ್ತು ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ, ಏಪ್ರಿಲ್ ಬಿಸಿಲಿಗೆ ಮೊದಲು ಸುಡುವುದು ಅದೇ. ಬದಲಿಗೆ ಬೆಳಿಗ್ಗೆ ಬಿಸಿಲೇರುವ ಮುಂಚೆ ನಿಧಾನವಾಗಿ, ಆಳಕ್ಕೆ ಇಳಿಯುವಷ್ಟು ಕೊಡಿ. ಆಮೇಲೆ ಮುಷ್ಟಿ ಪರೀಕ್ಷೆ ಹೇಳುವ ತನಕ ಬಿಡಿ. ಬಿರುಕುಗಳಿಗೆ ಸುಮ್ನೆ ಪೈಪ್ ಬಿಟ್ಟರೆ ನೀರು ಸೀದಾ ಕೆಳಗೆ ಹೋಗುತ್ತದೆ, ಬೇರಿಗೆ ಸಿಗುವುದಿಲ್ಲ. ಮೊದಲು ಬಿರುಕನ್ನು ಪುಡಿ ಮಣ್ಣು, ಗೊಬ್ಬರ ಸೇರಿಸಿ ತುಂಬಿ, ಆಮೇಲೆ ನೀರು.

ಈಗ ಬೇಸಿಗೆ, ಹಾಗಾಗಿ ಈ ವಾರವೇ ಮಾಡಬೇಕಾದದ್ದು ಹೊದಿಕೆ. ನಮ್ಮ ಜಿಲ್ಲೆಯಲ್ಲಿ ಅಕ್ಕಿ ಗಿರಣಿಗಳಿಗೆ ಬರವಿಲ್ಲ, ಭತ್ತದ ಹೊಟ್ಟು ಕಡಿಮೆ ದುಡ್ಡಿಗೆ ಸಿಗುತ್ತದೆ. ಭತ್ತದ ಹುಲ್ಲು, ಶೇಂಗಾ ಹೊಟ್ಟು, ಉದುರಿದ ಬೇವಿನ ಎಲೆ ಯಾವುದಾದರೂ ಸರಿ. ಗಿಡದ ಸುತ್ತ ನಾಲ್ಕು ಬೆರಳು ದಪ್ಪ ಹರಡಿ. ಕಾಂಡಕ್ಕೆ ತಾಗಿಸಬೇಡಿ, ಒಂದು ಗೇಣು ಬಿಡಿ, ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ. ಹೊದಿಕೆ ಕೆಳಗೆ ಗೆದ್ದಲು ಕಂಡರೆ ಬೇವಿನ ಹಿಂಡಿ ಪುಡಿ ಮಾಡಿ ಬೆರೆಸಿ. ಎಲೆ ಗುಡಿಸಿ ಬೆಂಕಿ ಹಚ್ಚುವ ಅಭ್ಯಾಸ ನಮ್ಮ ಬಡಾವಣೆಗಳಲ್ಲಿ ಜಾಸ್ತಿ. ದಯವಿಟ್ಟು ಅದನ್ನು ಮಾಡಬೇಡಿ. ಆ ಎಲೆ ನಿಮ್ಮ ಮಣ್ಣಿಗೇ ಬೇಕು.

ಎಳೇ ಮಾವು, ನಿಂಬೆ ಕಾಂಡಕ್ಕೆ ಪಶ್ಚಿಮದ ಬಿಸಿಲು ನೇರ ಬೀಳುತ್ತಿದ್ದರೆ ತೆಳ್ಳಗೆ ಸುಣ್ಣ ಬಳಿಯಿರಿ, ತೊಗಟೆ ಸೀಳುವುದು ತಪ್ಪುತ್ತದೆ. ಎಸಿಯಿಂದ ಬೀಳುವ ನೀರನ್ನು ಕುಂಡಗಳಿಗೆ ಹಾಕಬಹುದು. ನೀರಿನ ಫಿಲ್ಟರ್ ಹೊರಗೆ ಬಿಡುವ ನೀರು ಮಾತ್ರ ಬೇಡ, ಅದರಲ್ಲಿ ಉಪ್ಪು ಹೆಚ್ಚು. ನಮ್ಮ ಬೋರ್ ನೀರೇ ಎಷ್ಟೋ ಕಡೆ ಸವಳು, ಅದರ ಮೇಲೆ ಇದೂ ಯಾಕೆ?

ಇನ್ನು ಲಾನ್. ನನ್ನ ಅಭಿಪ್ರಾಯ ಕೇಳಿದರೆ, ರಾಯಚೂರಿನಲ್ಲಿ ಇಡೀ ಅಂಗಳಕ್ಕೆ ಲಾನ್ ಬೇಡ. ಕೂತು ಚಹಾ ಕುಡಿಯುವಷ್ಟು ಜಾಗಕ್ಕೆ ಸಾಕು. ಉಳಿದಿದ್ದಕ್ಕೆ ಒಂದು ಹೊಂಗೆ ಹಾಕಿ, ನಾಲ್ಕೈದು ವರ್ಷದಲ್ಲಿ ಮನೆಗೇ ನೆರಳು. ಲಾನ್ ಬೇಕೇ ಬೇಕು ಅಂದರೆ ಕರಿಕೆಯದೇ ಹಾಕಿ. ಗಣಪತಿಗೆ ಏರಿಸುವ ಗರಿಕೆ ಇದೆಯಲ್ಲ, ನರ್ಸರಿಯವರು ಬರ್ಮುಡಾ ಅಂತ ಮಾರುವುದೂ ಅದೇ ಜಾತಿ. ಬೇಸಿಗೆಯಲ್ಲಿ ನೀರು ಕಡಿಮೆಯಾದರೆ ಕಂದು ಬಣ್ಣಕ್ಕೆ ತಿರುಗುತ್ತದೆ, ಆದರೆ ನೆಲದೊಳಗಿನ ಬೇರುಗೆಣ್ಣು ಜೀವ ಹಿಡಿದಿರುತ್ತದೆ, ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಸವಳು ನೀರನ್ನೂ ಒಂದು ಮಟ್ಟಕ್ಕೆ ತಾಳುತ್ತದೆ. ಅದಕ್ಕೆ ಬಿಸಿಲು ಮಾತ್ರ ಪೂರ್ತಿ ಬೇಕು. ಬೇವಿನ ನೆರಳಲ್ಲಿ ಯಾವ ಹುಲ್ಲೂ ಚೆನ್ನಾಗಿ ಬರುವುದಿಲ್ಲ, ಅಲ್ಲಿ ಕಲ್ಲು ಹಾಸಿಬಿಡಿ.

ನಿಮ್ಮ ಈಗಿನ ಲಾನ್ ಪೂರ್ತಿ ಹೋಗಿದೆ ಅನ್ನಬೇಡಿ. ಬೇಸಿಗೆಯಲ್ಲಿ ನುಣ್ಣಗೆ ಕತ್ತರಿಸುವುದನ್ನು ನಿಲ್ಲಿಸಿ, ಎರಡು ಇಂಚು ಎತ್ತರ ಇರಲಿ, ಅದರ ನೆರಳೇ ಅದರ ಬುಡಕ್ಕೆ ತಂಪು. ಈಗ ಯೂರಿಯಾ ಹಾಕಬೇಡಿ, ಸುಟ್ಟುಹೋಗುತ್ತದೆ. ಮಳೆ ಬಂದ ಮೇಲೂ ಚಿಗುರದ ಜಾಗವನ್ನು ಕಿತ್ತು, ಎರೆ ಮೇಲೆ ಅರ್ಧ ಅಡಿ ಕೆಂಪು ಮಣ್ಣು ಮತ್ತು ಹಳೇ ಗೊಬ್ಬರ ಹರಡಿ, ಮನೆಯಿಂದ ಹೊರಗೆ ಇಳಿಜಾರು ಕೊಟ್ಟು ಕರಿಕೆ ನೆಡಿ. ತಿಪ್ಪೆ ಗೊಬ್ಬರ ತಂದರೆ ಪೂರ್ತಿ ಕಳಿತದ್ದನ್ನೇ ತನ್ನಿ. ಹಸಿ ಗೊಬ್ಬರದ ಜೊತೆ ಕಾಂಗ್ರೆಸ್ ಕಸವೂ ಬರುತ್ತದೆ. ಅದನ್ನು ಹೂ ಬಿಡುವ ಮುಂಚೆಯೇ ಕೈಗವಸು ಹಾಕಿ ಕೀಳಬೇಕು. ಜೇಕು ಅನ್ನುವ ಗಡ್ಡೆ ಕಳೆ ಬಂದರೆ ಗಡ್ಡೆ ಸಮೇತ ಅಗೆಯಿರಿ, ಮೇಲೆ ಕಿತ್ತರೆ ಏನೂ ಉಪಯೋಗವಿಲ್ಲ.

ಗಿಡ ನೆಡುವುದಕ್ಕೆ ನಮ್ಮಲ್ಲಿ ಕಾಲ ಅಂದರೆ ಮಿರಗದ ಮಳೆ (ಜೂನ್‌ನ ಮೃಗಶಿರಾ ಮಳೆ) ಬಿದ್ದು, ನೆಲ ತಣಿದು, ಬಿರುಕು ಮುಚ್ಚಿದ ಮೇಲೆ. ಒಂದು ಮಳೆ ನೋಡಿ ಓಡಬೇಡಿ. ಇಲ್ಲಿ ಗುಂಡಿ ತೋಡುವ ವಿಧಾನ ಬಹಳ ಮುಖ್ಯ. ಎಲ್ಲರೂ ಹೇಳುವುದು ಮೂರಡಿ ಗುಂಡಿ ತೋಡಿ ಕೆಂಪು ಮಣ್ಣು ತುಂಬಿ ಅಂತ. ಕೆಂಪು ನೆಲದಲ್ಲಿ ಅದು ಸರಿ. ಗಟ್ಟಿ ಎರೆಯಲ್ಲಿ ಆ ಗುಂಡಿ ಬಾನಿಯ ಹಾಗೆ ಆಗುತ್ತದೆ: ಒಳಗಿನ ಸಡಿಲ ಮಣ್ಣಿಗೆ ನೀರು ಬೇಗ ಇಳಿಯುತ್ತದೆ, ಸುತ್ತಲಿನ ಎರೆ ಅದನ್ನು ಹೊರಗೆ ಬಿಡುವುದಿಲ್ಲ. ಬೇರು ಅಲ್ಲೇ ಮುಳುಗಿ ಕೊಳೆಯುತ್ತದೆ. ಅದಕ್ಕೇ ತೋಡಿದ ಎರೆ ಮಣ್ಣಿಗೇ ಗೊಬ್ಬರ, ಒಂದಿಷ್ಟು ಗರಸು ಬೆರೆಸಿ ಮತ್ತೆ ತುಂಬಿ. ಗಿಡವನ್ನು ನೆಲದ ಮಟ್ಟಕ್ಕಿಂತ ಒಂದು ಗೇಣು ಎತ್ತರದ ದಿಬ್ಬದ ಮೇಲೆ ಕೂರಿಸಿ.

ರಾಯಚೂರಿಗೆ ವರ್ಷಕ್ಕೆ ಬರುವ ಮಳೆ 600 ಮಿ.ಮೀ. ಆಸುಪಾಸು. ಅದರಲ್ಲಿ ಸೆಪ್ಟೆಂಬರ್‌ನ ಪಾಲೇ ದೊಡ್ಡದು. 2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳ ತನಕ ಸುರಿದ ಆ ಮಳೆ, ಪ್ರವಾಹ ನಮ್ಮ ಭಾಗದವರು ಮರೆಯುವಂತಿಲ್ಲ. ಜೂನ್, ಜುಲೈ ಒಣ ಒಣ ಹೋಯಿತು ಅಂತ ಕಾಲುವೆ ತೆಗೆಯದೆ ಬಿಡಬೇಡಿ. ಆಗಸ್ಟ್ ಮುಗಿಯುವುದರೊಳಗೆ ಅಂಗಳದ ನೀರು ಎಲ್ಲಿಂದ ಹೊರಗೆ ಹೋಗುತ್ತದೆ ಅಂತ ನೋಡಿ, ಒಂದು ಸಣ್ಣ ಕಾಲುವೆ ತೆಗೆಯಿರಿ. ಮಳೆ ಬಂದ ಮರುದಿನವೂ ನೀರು ನಿಂತಿರುವ ಜಾಗದಲ್ಲಿ ಮಾವು, ನಿಂಬೆ, ದಾಳಿಂಬೆ ಬದುಕುವುದು ಕಷ್ಟ. ಕೊಪ್ಪಳದ ಕೆಂಪು ನೆಲದಲ್ಲಿ ದಾಳಿಂಬೆ ಚೆನ್ನಾಗಿ ಬರುವುದನ್ನು ನೋಡಿ ಆಸೆಯಾಗುತ್ತದೆ, ಅಲ್ವಾ? ನಮ್ಮ ಎರೆಯಲ್ಲಿ ಅದಕ್ಕೆ ಎತ್ತರದ ದಿಬ್ಬ ಬೇಕೇ ಬೇಕು.

ನಿಂಬೆ ಎಲೆ. ಹಳದಿ ಆಗಿರುವುದು ಹಳೇ ಎಲೆಯೋ, ಹೊಸ ಚಿಗುರೋ ನೋಡಿ. ಹಳೇ ಎಲೆ ಪೂರ್ತಿ ಹಳದಿಯಾದರೆ ಗೊಬ್ಬರ ಸಾಲದು. ಚಿಗುರೆಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇರುತ್ತದೆ, ಆದರೆ ಸುಣ್ಣದ ಅಂಶ ಜಾಸ್ತಿಯಾದಾಗ, ನೀರು ನಿಂತಾಗ ಬೇರಿಗೆ ಅದು ಸಿಗುವುದಿಲ್ಲ. ನಿಮ್ಮ ಗಿಡ ಹೊಸ ಗೋಡೆ ಪಕ್ಕ ಇದೆ ಅಂದಿರಲ್ಲ, ಕಟ್ಟುವಾಗ ಉಳಿದ ಸಿಮೆಂಟು, ಗಾರೆ, ಇಟ್ಟಿಗೆ ಚೂರು ಅಲ್ಲೇ ಹೂತಿರುವ ಸಾಧ್ಯತೆ ಹೆಚ್ಚು. ಬುಡದ ಮಣ್ಣಿನಲ್ಲಿ ಬಿಳಿ ಹರಳು ಕಂಡರೆ ಒಂದನ್ನು ಜಜ್ಜಿ, ಮೇಲೆ ವಿನೆಗರ್ ಹನಿಸಿ. ಗುಳ್ಳೆ ಎದ್ದರೆ ಅದು ಸುಣ್ಣ. ಕಸ ಅಗೆದು ತೆಗೆಯಿರಿ, ಗೊಬ್ಬರ ಕೊಡಿ, ನೀರು ಕಡಿಮೆ ಮಾಡಿ. ತಕ್ಷಣಕ್ಕೆ ಅನ್ನಭೇದಿಯನ್ನು (ಫೆರಸ್ ಸಲ್ಫೇಟ್) ಲೀಟರ್ ನೀರಿಗೆ 5 ಗ್ರಾಂ, ಜೊತೆಗೆ 1 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಏನಾದರೂ ಹಾಸಿಕೊಳ್ಳಿ. ಕರಿಬೇವಿಗೂ ಇದೇ ಔಷಧಿ, ಆದರೆ ಸಿಂಪಡಿಸಿದ ಎಲೆಯನ್ನು ಅಡುಗೆಗೆ ಕೀಳಬೇಡಿ. ಒಮ್ಮೆ ಮಣ್ಣು ಪರೀಕ್ಷೆ ಮಾಡಿಸಿದರೆ ಊಹೆ ತಪ್ಪುತ್ತದೆ. ನಮ್ಮ ಊರಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ, ಅಲ್ಲಿ ಕೇಳಿ.

ಚಳಿಗಾಲದ ಕೆಲಸ ಸುಲಭ. ಗುಲಾಬಿಯನ್ನು ಅಕ್ಟೋಬರ್‌ನಲ್ಲಿ, ದುಂಡು ಮಲ್ಲಿಗೆಯನ್ನು ನವೆಂಬರ್ ಕೊನೆಗೆ ಕತ್ತರಿಸಿ. ಚೆಂಡು ಹೂ, ಕೊತ್ತಂಬರಿ, ಮೆಂತ್ಯ ಆಗಲೇ ಹಾಕಿ. ಮಾವಿಗೆ ನವೆಂಬರ್‌ನಿಂದ ನೀರು ನಿಲ್ಲಿಸಿ, ಕಾಯಿ ಬಟಾಣಿಯಷ್ಟಾದ ಮೇಲೆ ಮತ್ತೆ ಶುರು ಮಾಡಿ. ಲಾನ್ ನೀರು ಮಾವಿನ ಬುಡಕ್ಕೆ ಹರಿಯುತ್ತಿದ್ದರೆ ಹೂವಿನ ಬದಲು ಬರೀ ಎಲೆ ಬರುತ್ತದೆ.

ಬೇವಿನ ಮರದ ಬಗ್ಗೆ ನಿಮಗೆ ಜಾಸ್ತಿ ಭಯ ಇದೆ ಅನ್ನಿಸಿತು. ಮಳೆಗಾಲದ ಕೊನೆಗೆ ಚಿಗುರು ತುದಿಯಿಂದ ಕಂದಾಗಿ ಒಣಗುವುದು ಹೆಚ್ಚಾಗಿ ಫೋಮಾಪ್ಸಿಸ್ ಎಂಬ ಶಿಲೀಂಧ್ರದಿಂದ. ರಸ ಹೀರುವ ಕೀಟವೂ ಸೇರಿಕೊಳ್ಳುತ್ತದೆ. ದೂರದಿಂದ ನೋಡಿದರೆ ಮರ ಸತ್ತೇ ಹೋಯಿತು ಅನ್ನಿಸುತ್ತದೆ. ಉಗುರಿನಿಂದ ರೆಂಬೆಯ ತೊಗಟೆ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ. ಹೆಚ್ಚಿನ ಮರಗಳು ಬೇಸಿಗೆಗೆ ಮತ್ತೆ ಚಿಗುರುತ್ತವೆ. ಒಣ ತುದಿಗಳನ್ನು ಒಣ ಹವೆಯಲ್ಲಿ, ಹಸಿ ಭಾಗದ ತನಕ ಕತ್ತರಿಸಿ, ಕತ್ತರಿಸಿದ್ದನ್ನು ಮರದ ಕೆಳಗೆ ಬಿಡದೆ ತೆಗೆದುಹಾಕಿ. ಮೇ ತಿಂಗಳ ಗಾಳಿಮಳೆಗೆ ಮುಂಚೆ ಒಣ ಕೊಂಬೆಗಳನ್ನೂ ಇಳಿಸಿಬಿಡಿ. ವೈರ್ ಹತ್ತಿರ ಇದ್ದರೆ ನೀವು ಏರಬೇಡಿ, ಕರೆಂಟ್ ಕಂಪನಿ ಜೆಸ್ಕಾಂಗೆ ಹೇಳಿ ಲೈನ್ ಬಂದ್ ಮಾಡಿಸಿ. ಯಾರಾದರೂ ಇಡೀ ಮರ ತೆಗೆಸಿ ಅಂದರೆ ಒಪ್ಪಬೇಡಿ. 1976ರ ಮರಗಳ ಸಂರಕ್ಷಣಾ ಕಾಯ್ದೆ ಇದೆ, ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಬೇಕು. ಅದಕ್ಕಿಂತ ಮುಂಚೆ ಒಂದು ಬೇಸಿಗೆ ಕಾಯಿರಿ.